ಸವೆದ ಕಪ್ಪು ಮನೆಗಳು: ನನ್ನ ಕೀಬೋರ್ಡನ್ನು ಬೀಳ್ಕೊಟ್ಟ ಬಗೆ

ಇಪ್ಪತ್ತೊಂದು ವರ್ಷ ನುಡಿಸಿದ ರೋಲ್ಯಾಂಡ್ ಎಕ್ಸ್‌ಪಿ-60 ಕೀಬೋರ್ಡನ್ನು ಶಿಕಾರಿಪುರದ ಕಡೆಯ ಒಬ್ಬ ಯುವಕನಿಗೆ ಒಪ್ಪಿಸಿದೆ. ಕೊಡಬೇಕೆಂದು ತೀರ್ಮಾನಿಸಿದ ದಿನದಿಂದ ಅದು ನಮ್ಮ ಹೊಸಿಲು ದಾಟಿದ ದಿನದವರೆಗೆ ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಹಳೆಯ ವಾದ್ಯವನ್ನು ಮಾರುವುದೆಂದರೆ ಒರೆಸಿ, ಫೋಟೊ ತೆಗೆದು, ಬೆಲೆ ಹೇಳುವುದು ಎಂದುಕೊಂಡಿದ್ದ ನನಗೆ, ಆ ಮೂರು ತಿಂಗಳಲ್ಲಿ ವಾದ್ಯದ ಒಳಗನ್ನೂ ನನ್ನ ಕೈಯ ಅಭ್ಯಾಸವನ್ನೂ ಮೊದಲ ಬಾರಿಗೆ ಸರಿಯಾಗಿ ನೋಡಿದಂತಾಯಿತು. ಇದೇ ಸ್ಥಿತಿಯಲ್ಲಿರುವ ವಾದಕರಿಗೆ ಉಪಯೋಗವಾದೀತೆಂದು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಕೊಡುವ ಯೋಚನೆ ಹುಟ್ಟಿದ್ದು ಹಣದ ಅಗತ್ಯದಿಂದಲ್ಲ. ನಾನಿರುವುದು ಸಾಗರದಲ್ಲಿ. ರಸಮಂಜರಿ ಕಾರ್ಯಕ್ರಮಗಳಿಗೆ ಹೋಗುವುದನ್ನು ಕಡಿಮೆ ಮಾಡಿದ ಮೇಲೆ ಕೀಬೋರ್ಡು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಒಂದು ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗಿನ ಮಖಮಲ್ಲಿನ ಅಸ್ತರಿಯ ಮೇಲೆ ಬೂದಿ ಬಣ್ಣದ ಬೂಷ್ಟು ಹರಡಿತ್ತು. ವಾದ್ಯವನ್ನು ಆನ್ ಮಾಡಿದರೆ, ಒಳಗಿನ ಬ್ಯಾಟರಿ ಇಳಿದಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ನಡುವಣ ಸಪ್ತಕದ ಎರಡು ಮನೆಗಳು (ಬೆರಳಿನಿಂದ ಒತ್ತುವ ಕೀಲಿಗಳು) ಮೆಲ್ಲಗೆ ಒತ್ತಿದರೂ ಅರಚಿಕೊಳ್ಳುತ್ತಿದ್ದವು, ಇನ್ನೊಂದು ಒತ್ತಿದರೂ ಮಾತಾಡುತ್ತಿರಲಿಲ್ಲ. ಮಲೆನಾಡಿನ ತೇವದಲ್ಲಿ ನುಡಿಸದೆ ಇಟ್ಟ ವಾದ್ಯ ನುಡಿಸಿದ ವಾದ್ಯಕ್ಕಿಂತ ಬೇಗ ಹಾಳಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ, ದಿನವೂ ನುಡಿಸುವ ಕೈಗೆ ಅದನ್ನು ದಾಟಿಸುವುದೇ ಸರಿ ಎನ್ನಿಸಿತು.

ಅದು ನನ್ನ ಕೈಗೆ ಬಂದಿದ್ದೂ ಹಾಗೆಯೇ, ಇನ್ನೊಬ್ಬರ ಕೈಯಿಂದ. 1998ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಅದು. ಬೆಂಗಳೂರಿನ ಹಿರಿಯ ವಾದಕರೊಬ್ಬರು ಕೆಲವು ವರ್ಷ ನುಡಿಸಿ, ಹೊಸದನ್ನು ಕೊಂಡಾಗ ನನಗೆ ಕೊಟ್ಟರು. ಅರವತ್ತೊಂದು ಮನೆ, ಏಕಕಾಲಕ್ಕೆ ಅರವತ್ತನಾಲ್ಕು ಧ್ವನಿ, ನಾವೇ ರೂಪಿಸಿದ 128 ಪ್ಯಾಚ್‌ಗಳನ್ನು, ಅಂದರೆ ಧ್ವನಿಯ ಹೊಂದಾಣಿಕೆಗಳನ್ನು, ಉಳಿಸಿಕೊಳ್ಳುವ ಜಾಗ, ಫ್ಲಾಪಿ ಹಾಕುವ ಸೀಳು. ಅಲ್ಲಿಯವರೆಗೆ ಒಳಗೇ ಸ್ಪೀಕರ್ ಇರುವ ಸಣ್ಣ ಕೀಬೋರ್ಡುಗಳನ್ನು ನುಡಿಸಿದ್ದ ನನಗೆ, ಒಂದು ಪ್ಯಾಚ್‌ನೊಳಗೆ ನಾಲ್ಕು ಟೋನ್‌ಗಳನ್ನು (ಮೂಲ ಧ್ವನಿಗಳನ್ನು) ಒಂದರ ಮೇಲೊಂದು ಇಟ್ಟು ನನಗೆ ಬೇಕಾದ ಧ್ವನಿಯನ್ನು ಕಟ್ಟಬಹುದು ಎಂಬುದೇ ದೊಡ್ಡ ಸಂಗತಿಯಾಗಿತ್ತು. ಗಣೇಶನ ಹಬ್ಬದಿಂದ ಶುರುವಾಗಿ ರಾಜ್ಯೋತ್ಸವದ ನವೆಂಬರ್ ಮುಗಿಯುವವರೆಗಿನ ಪೆಂಡಾಲುಗಳು, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಮದುವೆಯ ಆರತಕ್ಷತೆಗಳು, ಸುಗಮ ಸಂಗೀತದ ಸಣ್ಣ ಸಭೆಗಳು, ಎಲ್ಲ ಕಡೆಗೂ ಅದು ನನ್ನೊಂದಿಗೆ ಬಂದಿದೆ.

ಮೊದಲು ಮಾಡಬೇಕಾಗಿದ್ದು ಒಳಗಿರುವುದನ್ನು ಉಳಿಸಿಕೊಳ್ಳುವ ಕೆಲಸ. ಆ ಕಾಲದ ಇಂಥ ವಾದ್ಯಗಳಲ್ಲಿ ನಾವು ರೂಪಿಸಿದ ಪ್ಯಾಚ್‌ಗಳು ನಿಲ್ಲುವುದು ನಾಣ್ಯದಾಕಾರದ ಒಂದು ಬ್ಯಾಟರಿಯ ಬಲದ ಮೇಲೆ. ಸಿಆರ್2032 ಎಂಬ ಮೂರು ವೋಲ್ಟಿನ ಆ ಬಿಲ್ಲೆ ಸತ್ತರೆ, ಅಥವಾ ಅದನ್ನು ಬದಲಾಯಿಸಲು ತೆಗೆದರೆ, ಎಲ್ಲವೂ ಅಳಿದುಹೋಗುತ್ತದೆ. ಆದ್ದರಿಂದ ಎಚ್ಚರಿಕೆ ಕಂಡ ದಿನ ಯಾರೂ ಅವಸರಪಟ್ಟು ಬ್ಯಾಟರಿಗೆ ಕೈಹಾಕಬಾರದು, ಮೊದಲು ಪ್ರತಿ ಮಾಡಿಕೊಳ್ಳಬೇಕು. ನನ್ನ ಬಳಿ ಹನ್ನೊಂದು ಫ್ಲಾಪಿಗಳಿದ್ದವು, ಪ್ರತಿಯೊಂದರ ಮೇಲೂ ವರ್ಷ ಮತ್ತು ಊರಿನ ಹೆಸರು ಬರೆದಿದ್ದೆ. ಅವುಗಳಲ್ಲಿ ನಾಲ್ಕು ಓದಿಸಿಕೊಳ್ಳಲಿಲ್ಲ. ಲೋಹದ ಬಾಗಿಲನ್ನು ಸರಿಸಿ ನೋಡಿದರೆ ಒಳಗಿನ ಕಂದು ತಟ್ಟೆಯ ಮೇಲೂ ಅದೇ ಬೂಷ್ಟು, ಉಗುರಿನಷ್ಟಗಲ ಹೂವಿನಂತೆ. ಸೋನಿ ಕಂಪನಿಯೇ 2011ರಲ್ಲಿ ಫ್ಲಾಪಿ ತಯಾರಿಕೆಯನ್ನು ನಿಲ್ಲಿಸಿದ ಮೇಲೆ, ಹೊಸ ಫ್ಲಾಪಿ ಹುಡುಕಿ ಅದರ ಮೇಲೆ ನಂಬಿಕೆ ಇಡುವುದರಲ್ಲಿ ಅರ್ಥವಿರಲಿಲ್ಲ.

ಉಳಿದ ದಾರಿ ಮಿಡಿ, ಅಂದರೆ ವಾದ್ಯವೂ ಕಂಪ್ಯೂಟರೂ ಸಂದೇಶ ಕೊಟ್ಟುಕೊಳ್ಳುವ ವ್ಯವಸ್ಥೆ. ಕೀಬೋರ್ಡಿನ ಮಿಡಿ ಔಟ್‌ನಿಂದ ಕಂಪ್ಯೂಟರಿನ ಇಂಟರ್‌ಫೇಸಿಗೆ ಕೇಬಲ್ ಹಾಕಿ, ಒಳಗಿನ ಎಲ್ಲ ಪ್ಯಾಚ್‌ಗಳನ್ನೂ ಸಿಸ್ಟಂ ಎಕ್ಸ್‌ಕ್ಲೂಸಿವ್ ಸಂದೇಶಗಳಾಗಿ (ಆ ಬಗೆಯ ವಾದ್ಯಕ್ಕಷ್ಟೇ ಅರ್ಥವಾಗುವ ಸಂದೇಶಗಳು) ಕಳುಹಿಸಿ, ಅವನ್ನು ಒಂದು ಕಡತವಾಗಿ ಉಳಿಸಿಕೊಳ್ಳುವುದು. ಇಲ್ಲಿ ನಾನು ಒಂದು ವಾರ ಕಳೆದುಕೊಂಡೆ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್ ಒಂದು ಮನೆಯಲ್ಲಿತ್ತು. ಸ್ವರಗಳನ್ನು ಅದು ಚೆನ್ನಾಗಿಯೇ ಸಾಗಿಸುತ್ತಿತ್ತು. ಆದರೆ ಇಷ್ಟು ದೊಡ್ಡ ಸಂದೇಶಗಳು ಒಂದರ ಹಿಂದೊಂದು ಬಂದಾಗ ನಡುನಡುವೆ ನುಂಗಿಬಿಡುತ್ತಿತ್ತು. ಕಂಪ್ಯೂಟರ್ ಮಾತ್ರ ‘ಮುಗಿಯಿತು’ ಎಂದೇ ತೋರಿಸುತ್ತಿತ್ತು. ಅನುಮಾನ ಬಂದು ಮತ್ತೊಮ್ಮೆ ಕಳುಹಿಸಿದೆ; ಎರಡು ಕಡತಗಳ ಗಾತ್ರ ಬೇರೆಬೇರೆಯಾಗಿತ್ತು. ಕೊನೆಗೆ ಒಬ್ಬ ಸ್ನೇಹಿತರಿಂದ ಒಳ್ಳೆಯ ಇಂಟರ್‌ಫೇಸನ್ನು ಎರವಲು ತಂದು ಮೂರು ಬಾರಿ ಪ್ರತಿ ಮಾಡಿದೆ, ಮೂರೂ ಅಕ್ಷರಕ್ಕಕ್ಷರ ಹೊಂದಿದ ಮೇಲೆಯೇ ನೆಮ್ಮದಿಯಾಯಿತು. ಈ ಸಂದೇಶಗಳು ಪ್ರತಿಯೊಂದೂ ಎಫ್0 ಎಂಬ ಸಂಕೇತದಿಂದ ತೊಡಗಿ ಎಫ್7ರಲ್ಲಿ ಮುಗಿಯಬೇಕು. ಕಡತವನ್ನು ತೆರೆದು ಕೊನೆಯ ಸಂಕೇತ ಎಫ್7 ಹೌದೋ ಅಲ್ಲವೋ ಎಂದು ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ, ಅದನ್ನು ಯಾರೂ ಬಿಡಬಾರದು.

ಆ ಕಡತದಲ್ಲಿರುವುದು ಅಡುಗೆ ಮಾಡುವ ಕ್ರಮವೇ ಹೊರತು ಅಡುಗೆಯಲ್ಲ. ಅದೇ ಬಗೆಯ ವಾದ್ಯ ಇದ್ದರೆ ಮಾತ್ರ ಅದರಿಂದ ನಾದ ಹುಟ್ಟುತ್ತದೆ. ವಾದ್ಯವೇ ಹೊರಟುಹೋದ ಮೇಲೆ ನನ್ನ ಕೊಳಲು, ನನ್ನ ನಾದಸ್ವರ ನನಗೆ ಕೇಳಬೇಕೆಂದರೆ ಧ್ವನಿಯನ್ನೇ ಹಿಡಿದಿಡಬೇಕಿತ್ತು. ನಿಜವಾಗಿ ಬಳಸುತ್ತಿದ್ದ ಮೂವತ್ತೆರಡು ಪ್ಯಾಚ್‌ಗಳನ್ನು ಆರಿಸಿಕೊಂಡು, ಪ್ರತಿ ಮೂರು ಮನೆಗೊಂದರಂತೆ, ಮೆಲ್ಲಗೆ, ಹದವಾಗಿ, ಜೋರಾಗಿ ಎಂದು ಮೂರು ಒತ್ತಡಗಳಲ್ಲಿ, ಸ್ವರ ಪೂರ್ತಿ ಆರುವವರೆಗೆ ಧ್ವನಿಮುದ್ರಿಸಿದೆ. ರಾತ್ರಿ ಹತ್ತರ ಮೇಲೆ, ಬೀದಿ ಸುಮ್ಮನಾದ ಹೊತ್ತಿನಲ್ಲಿ ಕುಳಿತು ಮಾಡಿದ ಈ ಕೆಲಸಕ್ಕೆ ಹತ್ತೊಂಬತ್ತು ರಾತ್ರಿಗಳು ಬೇಕಾದವು. ಕೇಬಲ್ಲಿನಲ್ಲೇ ಧ್ವನಿ ಹೋಗುವುದರಿಂದ ಬೀದಿಯ ಸದ್ದಿಗೂ ಇದಕ್ಕೂ ಸಂಬಂಧವಿರಲಿಲ್ಲ, ನನಗೆ ಒಂದೊಂದು ಸ್ವರವನ್ನೂ ಪೂರ್ತಿ ಕೇಳಬೇಕಾಗಿತ್ತು ಅಷ್ಟೆ.

ಪ್ರತಿ ಕೈಯಲ್ಲಿದ್ದ ಮೇಲೆ ವಾದ್ಯವನ್ನು ಬಿಚ್ಚಿದೆ. ಎಲೆಕ್ಟ್ರಾನಿಕ್ಸ್ ಬಲ್ಲ, ನಮ್ಮೂರಿನ ಸೌಂಡ್ ಸಿಸ್ಟಂಗಳನ್ನು ರಿಪೇರಿ ಮಾಡುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬಿಚ್ಚಿದೆ. ಕೆಲವು ಮಾದರಿಗಳಲ್ಲಿ ಬ್ಯಾಟರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಭ್ಯಾಸವಿಲ್ಲದ ಕೈ ಅಲ್ಲಿ ಕಾವು ತೋರಿಸಬಾರದು. ಬ್ಯಾಟರಿಯ ಕೆಲಸ ಬೇಗ ಮುಗಿಯಿತು. ಮನೆಗಳ ಕೆಲಸ ನಿಧಾನದ್ದು.

ಪ್ರತಿ ಮನೆಯ ಕೆಳಗೆ ರಬ್ಬರಿನ ಎರಡು ಸಣ್ಣ ಗುಬ್ಬಿಗಳಿರುತ್ತವೆ, ಅವುಗಳ ತಳದಲ್ಲಿ ಕಪ್ಪು ಇಂಗಾಲದ ಬೊಟ್ಟು. ಮನೆಯನ್ನು ಒತ್ತಿದಾಗ ಒಂದು ಬೊಟ್ಟು ಮೊದಲು ತಾಗುತ್ತದೆ, ಇನ್ನೊಂದು ಕ್ಷಣದ ಒಂದು ಅಂಶದಷ್ಟು ತಡವಾಗಿ ತಾಗುತ್ತದೆ. ಈ ಎರಡರ ನಡುವಣ ಅಂತರವನ್ನು ಅಳೆದೇ ವಾದ್ಯವು ನಾವು ಮೆಲ್ಲಗೆ ಒತ್ತಿದೆವೋ ಜೋರಾಗಿ ಒತ್ತಿದೆವೋ ಎಂದು ತಿಳಿಯುತ್ತದೆ, ಅದನ್ನು ಮಿಡಿಯ ಲೆಕ್ಕದಲ್ಲಿ 1ರಿಂದ 127ರವರೆಗಿನ ಸಂಖ್ಯೆಯಾಗಿ ಮಾಡುತ್ತದೆ. ಮೊದಲ ಬೊಟ್ಟಿನ ಮೇಲೆ ಧೂಳೋ ತೇವವೋ ಕೂತು ಅದು ತಡವಾಗಿ ತಾಗಿದರೆ ಅಂತರ ಕುಗ್ಗುತ್ತದೆ, ಬೆರಳು ಎಷ್ಟೇ ಮೃದುವಾಗಿದ್ದರೂ ಸ್ವರ 127ಕ್ಕೆ ಹಾರುತ್ತದೆ. ನನ್ನ ಎರಡು ಮನೆಗಳು ಅರಚುತ್ತಿದ್ದ ಕಾರಣ ಅದೇ. ಮನೆಗಳನ್ನು ಒಂದೊಂದಾಗಿ ತೆಗೆದು, ಬಿಡಿಸಿದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿಟ್ಟು, ರಬ್ಬರಿನ ಬೊಟ್ಟುಗಳನ್ನೂ ಕೆಳಗಿನ ಬೋರ್ಡಿನ ಗೆರೆಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆವು. ಪೆಟ್ರೋಲ್, ಥಿನ್ನರ್ ಎಂದೆಲ್ಲ ಸಲಹೆ ಕೊಡುವವರಿದ್ದಾರೆ. ಅವು ರಬ್ಬರನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ, ದಯವಿಟ್ಟು ಬಳಸಬೇಡಿ.

ಅರಚುತ್ತಿದ್ದ ಎರಡೂ ಸರಿಹೋದವು. ಮಾತಾಡದ ಮನೆಯದು ಮಾತ್ರ ಕೊಳೆಯಲ್ಲ, ಬೊಟ್ಟೇ ಸವೆದಿತ್ತು. ಹೊಸ ರಬ್ಬರ್ ಪಟ್ಟಿ ಸಿಗುವ ಭರವಸೆ ಇರಲಿಲ್ಲ. ಆಗ ಹೊಳೆದದ್ದು, ಎಡಗಡೆಯ ತುದಿಯ ಸಪ್ತಕದ ಪಟ್ಟಿಯನ್ನು ನಡುವಣ ಸಪ್ತಕಕ್ಕೆ ಹಾಕಿ, ಸವೆದದ್ದನ್ನು ಅಲ್ಲಿಗೆ ಕಳುಹಿಸುವ ಉಪಾಯ. ನಮ್ಮ ತಂಡದಲ್ಲಿ ಯಾವಾಗಲೂ ಬೇಸ್ ಗಿಟಾರ್ ಇರುತ್ತಿದ್ದುದರಿಂದ ಕೆಳಗಿನ ಆ ಹನ್ನೆರಡು ಮನೆಗಳನ್ನು ನಾನು ಮುಟ್ಟಿದ್ದೇ ಅಪರೂಪ, ಅಲ್ಲಿನ ರಬ್ಬರ್ ಹೊಸದರಂತೆಯೇ ಇತ್ತು. ಹೀಗಾಗಿ ಮಾತಾಡದ ಮನೆ ಈಗ ಎಡತುದಿಯ ಸಪ್ತಕದಲ್ಲಿದೆ. ಕೊಳ್ಳುವವನಿಗೆ ನಾನು ಮೊದಲು ತೋರಿಸಿದ್ದೇ ಆ ಮನೆಯನ್ನು.

ಬಿಚ್ಚಿ ಸಾಲಾಗಿ ಇಟ್ಟಾಗಲೇ ನನ್ನ ಕಣ್ಣಿಗೆ ಬಿದ್ದದ್ದು ಕಪ್ಪು ಮನೆಗಳ ಸವೆತ. ಬಿಳಿ ಮನೆಗಳು ಎಲ್ಲವೂ ಒಂದೇ ಸಮನಾಗಿ ಹಳದಿಗೆ ತಿರುಗಿದ್ದವು. ಕಪ್ಪು ಮನೆಗಳಲ್ಲಿ ಮಾತ್ರ ನಡುವಣ ಎರಡು ಸಪ್ತಕದವು ಗಾಜಿನಂತೆ ಹೊಳೆಯುತ್ತಿದ್ದವು, ಅವುಗಳ ಮುಂದಿನ ಅಂಚು ಬೆರಳ ತುದಿಗೆ ಹೊಂದುವಂತೆ ದುಂಡಾಗಿತ್ತು. ಉಳಿದವುಗಳ ಮೇಲೆ ಕಾರ್ಖಾನೆಯಿಂದ ಬಂದ ಮಂಕು ಹೊರಮೈ ಇನ್ನೂ ಇತ್ತು. ಇದು ನನಗೆ ಹಾರ್ಮೋನಿಯಂ ಕಲಿಸಿದ ಮೇಷ್ಟರ ಗುರುತು. ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ನುಡಿಸಿ ಬಂದವರು ಅವರು. ಹಾಡುವವರ ‘ಸಾ’ ಎಲ್ಲಿದೆಯೋ ಅಲ್ಲಿಗೆ ನಿನ್ನ ಬೆರಳು ಹೋಗಬೇಕು, ಪೆಟ್ಟಿಗೆಯನ್ನು ನಿನ್ನ ಬೆರಳಿನ ಹತ್ತಿರಕ್ಕೆ ಎಳೆಯಬಾರದು ಎಂಬುದು ಅವರ ಕಟ್ಟಪ್ಪಣೆಯಾಗಿತ್ತು. ಆದ್ದರಿಂದ ಕೀಬೋರ್ಡಿನಲ್ಲಿ ಬೆರಳು ಬದಲಿಸದೆಯೇ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಇದ್ದರೂ ನಾನು ಅದನ್ನು ಬಳಸಲಿಲ್ಲ. ನಮ್ಮ ಗಾಯಕರು ಬಹುತೇಕ ಒಂದೂವರೆ ಮನೆ ಶ್ರುತಿಯವರು, ಗಾಯಕಿಯರು ಐದೂವರೆಯವರು. ಬಿಳಿ ಮನೆಗಳನ್ನು ಒಂದು, ಎರಡು ಎಂದು ಎಣಿಸಿ ನಡುವಣ ಕಪ್ಪು ಮನೆಯನ್ನು ‘ಒಂದೂವರೆ’ ಎನ್ನುವ ರೂಢಿಯಂತೆ ಎರಡೂ ಕಪ್ಪು ಮನೆಗಳೇ.

ಕೊಳ್ಳಲು ಬಂದ ಯುವಕ ಈ ಹೊಳಪನ್ನು ನೋಡಿಯೇ ಕೇಳಿದ: “ಸರ್, ಕಪ್ಪು ಮನೆಗಳೇ ಯಾಕೆ ಇಷ್ಟು ಸವೆದಿವೆ? ನೀವು ಟ್ರಾನ್ಸ್‌ಪೋಸ್ ಹಾಕೋದೇ ಇಲ್ವಾ?”

“ಒಂದೂವರೆ ಮನೆಯಲ್ಲಿ ಶುದ್ಧ ಸಾವೇರಿ ರಾಗ ನುಡಿಸಿ ನೋಡಪ್ಪ” ಎಂದೆ.

ಅವನು ಒಂದೂವರೆಯನ್ನು ‘ಸಾ’ ಎಂದು ಹಿಡಿದು ಸ ರಿ ಮ ಪ ದ ಹುಡುಕಿದ. ಐದೂ ಸ್ವರಗಳು ಕಪ್ಪು ಮನೆಗಳ ಮೇಲೇ ಬಿದ್ದವು, ಒಂದು ಬಿಳಿ ಮನೆಯನ್ನೂ ಮುಟ್ಟಬೇಕಾಗಲಿಲ್ಲ. ನಾಲ್ಕೂವರೆಯಿಂದ ಮೋಹನ ರಾಗ ಹಿಡಿದರೂ ಹೀಗೆಯೇ ಆಗುತ್ತದೆ ಎಂದು ತೋರಿಸಿದೆ. ಅವನು ಸ್ವಲ್ಪ ಹೊತ್ತು ಆ ಐದು ಮನೆಗಳ ಮೇಲೆಯೇ ಮೇಲೆ ಕೆಳಗೆ ಓಡಾಡಿದ. ಬೆರಳುಗಳು ನಾನು ಸವೆಸಿದ ಅಂಚುಗಳ ಮೇಲೆಯೇ ಹೋಗುತ್ತಿದ್ದವು. ಇವನಿಗೇ ಕೊಡಬೇಕೆಂದು ನನ್ನ ಮನಸ್ಸು ಗಟ್ಟಿಯಾದದ್ದು ಆಗಲೇ. ಇವನು ಕೊಟ್ಟದ್ದಕ್ಕಿಂತ ಹೆಚ್ಚು ಬೆಲೆ ಹೇಳಿದ ಇನ್ನಿಬ್ಬರಿದ್ದರು. ಅವರಲ್ಲೊಬ್ಬರಿಗೆ ಬೇಕಾದದ್ದು ಸ್ಟುಡಿಯೋದ ಗೋಡೆಗೆ ಒರಗಿಸಿಡಲು ಒಂದು ಹಳೆಯ ವಾದ್ಯ.

ಸ್ವರವನ್ನು ಏರಿಸಿ ಇಳಿಸುವ ಸಣ್ಣ ಹಿಡಿಕೆಯಾದ ಲಿವರ್‌ನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಾದ್ಯವನ್ನು ನಾನು ಇಷ್ಟು ವರ್ಷ ಇಟ್ಟುಕೊಂಡದ್ದಕ್ಕೆ ಮುಖ್ಯ ಕಾರಣವೇ ಅದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, 1971ರಲ್ಲಿ ಭಾಗಶಃ ಒಳಗೆ ಬಿಟ್ಟುಕೊಂಡಿತು. ಮನೆಯಿಂದ ಮನೆಗೆ ಹಾರುವ ವಾದ್ಯದಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವ ಬಗೆ, ಹೊರಡದು ಎಂಬುದು ಅಂದಿನ ಮುಖ್ಯ ಆಕ್ಷೇಪಗಳಲ್ಲಿ ಒಂದು. ಆಕ್ಷೇಪ ಸುಳ್ಳಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರು ಹಾರ್ಮೋನಿಯಂ ಹಿಡಿದೇ ಸುಗಮ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದರು. ಅಲ್ಲಿ ಗಮಕವನ್ನು ಕಂಠ ನೋಡಿಕೊಳ್ಳುತ್ತಿತ್ತು, ಪೆಟ್ಟಿಗೆ ಆಸರೆಯಾಗಿರುತ್ತಿತ್ತು. ಆದರೆ ಕೀಬೋರ್ಡಿನಲ್ಲಿ ಕೊಳಲಿನ ತುಣುಕನ್ನೋ ನಾದಸ್ವರದ ತುಣುಕನ್ನೋ ಒಂಟಿಯಾಗಿ ನುಡಿಸಬೇಕಾಗಿ ಬಂದಾಗ ಆಸರೆಗೆ ಯಾರೂ ಇರುವುದಿಲ್ಲ. ತೋಡಿ ರಾಗದ ಗಾಂಧಾರವನ್ನು ಅದರ ಮನೆಯ ಮೇಲೆ ಒತ್ತಿ ಹಿಡಿದರೆ ಅದು ತೋಡಿಯಾಗುವುದಿಲ್ಲ. ಅದು ಕೆಳಗೆ ಶುದ್ಧ ಋಷಭದ ಕಡೆಗೂ ಮೇಲೆ ಶುದ್ಧ ಮಧ್ಯಮದ ಕಡೆಗೂ ತೂಗಬೇಕು. ಎಕ್ಸ್‌ಪಿ-60ರ ಎಡಬದಿಯ ಲಿವರನ್ನು ಪಕ್ಕಕ್ಕೆ ಸರಿಸಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಮುಂದಕ್ಕೆ ತಳ್ಳಿದರೆ ನಡುಕ ಬರುತ್ತದೆ. ನಾದಸ್ವರದ ಪ್ಯಾಚ್‌ನಲ್ಲಿ ಲಿವರ್‌ನ ಓಟವನ್ನು ನಾಲ್ಕು ಮನೆಗಳಿಗೆ ಹೊಂದಿಸಿದ್ದೆ. ಬಲಗೈಯಲ್ಲಿ ಋಷಭದ ಮನೆಯನ್ನು ಹಿಡಿದು, ಎಡಗೈಯಲ್ಲಿ ಲಿವರನ್ನು ಬಲಕ್ಕೆ ಪೂರ್ತಿ ತಳ್ಳಿದರೆ ಮಧ್ಯಮ. ಗಾಂಧಾರ ಈ ಎರಡರ ನಡುವೆ, ಮಣಿಕಟ್ಟಿನ ತೂಗಾಟದಲ್ಲಿ ಹುಟ್ಟುತ್ತದೆ. ಇದನ್ನು ಕೈಗೆ ಹತ್ತಿಸಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ಇಷ್ಟು ತೂಗಾಡಿಸಿದ್ದರಿಂದ ಲಿವರ್‌ನ ಸ್ಪ್ರಿಂಗು ಸಡಿಲವಾಗಿದೆ. ಕೈಬಿಟ್ಟರೆ ಅದು ನಡುವಿಗೆ ಮರಳುತ್ತದೆ, ಆದರೆ ಪೂರ್ತಿ ನಿಲ್ಲುವ ಮೊದಲು ಒಂದು ಚೂರು ಕೆಳಕ್ಕೆ ಜಾರಿ ಮತ್ತೆ ಮೇಲೇರುತ್ತದೆ. ಸ್ವರದ ಕೊನೆಯಲ್ಲಿ ಕೂದಲೆಳೆಯಷ್ಟು ಇಳಿತ ಕೇಳುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡಿಕೊಡುತ್ತೇನೆ ಎಂದು ರಿಪೇರಿಯವರು ಹೇಳಿದರು. ನಾನು ಬೇಡವೆಂದೆ, ಇಪ್ಪತ್ತು ವರ್ಷ ಒಂದೇ ದಿಕ್ಕಿನಲ್ಲಿ ದಣಿದ ಸ್ಪ್ರಿಂಗು ಬಿಗಿ ಮಾಡಲು ಹೋಗಿ ತುಂಡಾದರೆ ಬದಲಿ ಎಲ್ಲಿಂದ ತರುವುದು? ಕೊಳ್ಳುವವನಿಗೆ ಇದನ್ನೂ ತೋರಿಸಿದೆ, ಕೈಯನ್ನು ಥಟ್ಟನೆ ಬಿಡದೆ ನಡುವಿನವರೆಗೆ ಜೊತೆಯಲ್ಲೇ ಕರೆತಂದರೆ ಇಳಿತ ಕೇಳುವುದಿಲ್ಲ ಎಂಬುದನ್ನೂ ಹೇಳಿಕೊಟ್ಟೆ.

ಬೆಲೆಯ ಮಾತು ಬೇಗ ಮುಗಿಯಿತು. ನಾನು ಕೊಂಡ ಬೆಲೆಯ ಕಾಲು ಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು, ಅದರಲ್ಲಿ ಮಾತಾಡದ ಮನೆ, ಲಿವರ್, ಮಂಕಾದ ಪರದೆಯ ಬೆಳಕು ಇವಿಷ್ಟಕ್ಕೆ ಮುಂದೆ ಅವನು ಖರ್ಚು ಮಾಡಬೇಕಾಗಬಹುದಾದಷ್ಟನ್ನು ಕಳೆದು ಹೇಳಿದೆ. ಅವನು ಚೌಕಾಸಿ ಮಾಡಲಿಲ್ಲ. ಕುಂದುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ತಲಾ ಒಂದು ಪ್ರತಿ ಇಟ್ಟುಕೊಂಡೆವು. ಪರಿಚಯದವರ ನಡುವೆಯೂ ಇದು ಒಳ್ಳೆಯ ಪದ್ಧತಿ. ಜೊತೆಗೆ ಸ್ಟೆಬಿಲೈಸರನ್ನು ಹಣ ತೆಗೆದುಕೊಳ್ಳದೆ ಕೊಟ್ಟೆ. ಹಿಂದೊಮ್ಮೆ ಒಂದು ಊರಿನ ಗಣೇಶೋತ್ಸವದಲ್ಲಿ, ಗಾಯಕಿ ಪಲ್ಲವಿಯ ನಡುವೆ ಇದ್ದಾಗ ಜನರೇಟರಿನ ವೋಲ್ಟೇಜ್ ಕುಸಿದು ಕೀಬೋರ್ಡು ಆರಿ ಮತ್ತೆ ಹತ್ತಿಕೊಂಡಿತ್ತು. ಅದು ಪೂರ್ತಿ ಎದ್ದೇಳುವವರೆಗೆ ಆಕೆ ಬರಿಯ ತಬಲಾದ ಮೇಲೆ ಶ್ರುತಿ ಕದಲದಂತೆ ಹಾಡಿ ಉಳಿಸಿದರು. ಆಮೇಲೆ ಸ್ಟೆಬಿಲೈಸರ್ ಇಲ್ಲದೆ ನಾನು ಯಾವ ಪೆಂಡಾಲಿಗೂ ಹೋಗಲಿಲ್ಲ, ಅವನೂ ಹೋಗಬಾರದು.

ಕೊನೆಯವರೆಗೆ ನನ್ನನ್ನು ಕಾಡಿದ ಪ್ರಶ್ನೆ ಪ್ಯಾಚ್‌ಗಳದು. ಹೊಸ ಬ್ಯಾಟರಿ ಹಾಕಿದ ಮೇಲೆ ವಾದ್ಯ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿತ್ತು. ಹಾಗೆಯೇ ಕೊಟ್ಟರೆ ತಪ್ಪೇನಿಲ್ಲ, ಅನೇಕರು ಹಾಗೆಯೇ ಕೊಡುತ್ತಾರೆ. ಒಳಗಿನ ಧ್ವನಿಗಳು ವಾದಕನ ಸ್ವಂತ ದುಡಿಮೆ. ನಾನೂ ಎರಡು ವಾರ ಹಾಗೆಯೇ ಇಟ್ಟೆ. ಆದರೆ ಆ ಬರಿದಾದ ವಾದ್ಯದ ಮೇಲೆ ಅಭ್ಯಾಸಕ್ಕೆಂದು ಕುಳಿತಾಗ, ಲಿವರ್ ನಾಲ್ಕು ಮನೆ ಓಡುವ ಬದಲು ಎರಡೇ ಮನೆ ಓಡಿ ನಿಂತಿತು. ಸವೆದ ಮನೆಗಳು ಮತ್ತು ಸಡಿಲವಾದ ಲಿವರ್ ಯಾವ ಧ್ವನಿಗಳಿಗಾಗಿ ಸವೆದವೋ ಆ ಧ್ವನಿಗಳಿಲ್ಲದೆ ಅವು ಬರಿಯ ಕುಂದುಗಳಾಗಿ ಉಳಿಯುತ್ತವೆ ಎಂದು ನನಗೆ ಅನ್ನಿಸಿತು. ಅಂದೇ ಕಂಪ್ಯೂಟರಿನಿಂದ 128 ಪ್ಯಾಚ್‌ಗಳನ್ನೂ ಹಿಂದಕ್ಕೆ ತುಂಬಿದೆ. ಪ್ರತಿ ಮಾಡಿದ್ದು ಸರಿಯಾಗಿತ್ತು ಎಂಬುದಕ್ಕೂ ಅದೇ ಪರೀಕ್ಷೆಯಾಯಿತು.

ಪರದೆಯ ಮೇಲೆ ಪ್ಯಾಚ್‌ನ ಹೆಸರಿಗೆ ಹನ್ನೆರಡು ಅಕ್ಷರಗಳಷ್ಟೇ ಜಾಗ, ಅದೂ ಇಂಗ್ಲಿಷಿನಲ್ಲಿ. ನನಗೆ ಮಾತ್ರ ಅರ್ಥವಾಗುವ ಸಂಕ್ಷೇಪಗಳೇ ಅಲ್ಲಿ ತುಂಬಿದ್ದವು. ಹೀಗಾಗಿ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಕನ್ನಡದಲ್ಲಿ ನಾಲ್ಕು ಸಾಲು ಬರೆದೆ: ಯಾವ ನಾಲ್ಕು ಟೋನ್‌ಗಳು, ಲಿವರ್ ಎಷ್ಟು ಮನೆ, ಯಾವ ಬಗೆಯ ಹಾಡಿಗೆ, ದೊಡ್ಡ ಪೆಂಡಾಲಿನಲ್ಲಿ ರಿವರ್ಬ್ (ಮಾರ್ದನಿ) ಎಷ್ಟು ಕಡಿಮೆ ಮಾಡಬೇಕು. 47ನೆಯದು ಒಂದು ಕೊಳಲು. ಕೊಳಲಿನ ಟೋನಿನ ಜೊತೆಗೆ ಉಸಿರಿನ ಸದ್ದಿನ ಟೋನೊಂದನ್ನು ಸೇರಿಸಿ, ಸ್ವರ ತೊಡಗುವ ಮೊದಲು ಊದುವ ಗಾಳಿ ಕೇಳುವಂತೆ ಮಾಡಿದ್ದೆ. ಅದರ ಮುಂದೆ, “ಉಸಿರು ಸ್ವಲ್ಪ ಹೆಚ್ಚಾಗಿದೆ ಎಂದು ನನಗೇ ಅನುಮಾನ, ತಿದ್ದಲು ಕೈ ಬರಲಿಲ್ಲ” ಎಂದು ಬರೆದೆ.

ಅವನು ತನ್ನ ತಂದೆಯೊಂದಿಗೆ ಗೂಡ್ಸ್ ಆಟೋ ತಂದಿದ್ದ. ಪೆಟ್ಟಿಗೆಯ ಅಸ್ತರಿಯನ್ನು ಕಿತ್ತು ಹೊಸದನ್ನು ಹಾಕಿಸಿದ್ದೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟಿದ್ದೆ. ನನ್ನ ಹೆಂಡತಿ ಮುಚ್ಚಳಕ್ಕೆ ಕುಂಕುಮ ಹಚ್ಚಿದಳು. ಪ್ರತಿ ವರ್ಷ ಆಯುಧ ಪೂಜೆಯಲ್ಲಿ ಹಚ್ಚುತ್ತಿದ್ದ ಜಾಗದಲ್ಲೇ. ಎತ್ತುವಾಗ ಎಡತುದಿಯನ್ನು ನಾನು ಹಿಡಿದೆ, ಲಿವರ್ ಇರುವ ಬದಿ ಅದು.

ಆ ವರ್ಷದ ಗಣೇಶನ ಹಬ್ಬ ಕಳೆದು ಒಂದು ವಾರಕ್ಕೆ ಅವನ ಫೋನ್ ಬಂತು. ಆರು ಕಾರ್ಯಕ್ರಮಗಳಾದವು, ಎಲ್ಲಿಯೂ ತೊಂದರೆಯಾಗಲಿಲ್ಲ ಎಂದ. ಸ್ವಲ್ಪ ತಡೆದು, “ಸರ್, ನಲವತ್ತೇಳನೇ ಕೊಳಲಿನಲ್ಲಿ ಉಸಿರು ಸ್ವಲ್ಪ ಕಡಿಮೆ ಮಾಡಿದೀನಿ. ನಿಮಗೆ ಬೇಜಾರಿಲ್ಲ ತಾನೆ?” ಎಂದು ಕೇಳಿದ. ನುಡಿಸು, ಕೇಳೋಣ ಎಂದೆ. ಅವನು ಫೋನನ್ನು ಸ್ಪೀಕರಿನ ಮುಂದಿಟ್ಟು ಒಂದೂವರೆ ಮನೆಯಲ್ಲಿ ಶುದ್ಧ ಸಾವೇರಿಯ ಒಂದು ಸುತ್ತು ಹಾಕಿದ. ಉಸಿರು ಈಗ ಹದವಾಗಿತ್ತು. ಕೊನೆಯ ಪಂಚಮವನ್ನು ತೂಗಿಸಿ ನಿಲ್ಲಿಸುವಾಗ ಅವನು ಕೈಯನ್ನು ಸ್ವಲ್ಪ ಬೇಗ ಬಿಟ್ಟನೆಂದು ಕಾಣುತ್ತದೆ, ಸ್ವರದ ತುದಿಯಲ್ಲಿ ಆ ಕೂದಲೆಳೆಯಷ್ಟು ಇಳಿತ ನನಗೆ ಇಲ್ಲಿಗೂ ಕೇಳಿಸಿತು.